ನರಕೋಶದ ಚಿಂತೆಗೆ ದೊಡ್ಡಮ್ಮನ ಉತ್ತರ

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ಮನೆ ಸುದ್ದಿಯನ್ನೆಲ್ಲ ನಿಮ್ಮಮ್ಮ ಹೇಳಿಯೇ ಇರುತ್ತಾಳೆ, ಅದು ಬಿಡು. ನಿನ್ನ ಪತ್ರದ ಕೊನೆಯಲ್ಲಿ ಒಂದು ಸಾಲಿತ್ತಲ್ಲ, "ನಿದ್ದೆಗೆಟ್ಟು ಓದಿ ಓದಿ ನನ್ನ ನರಕೋಶಗಳು ಸತ್ತಿರಬೇಕು, ಸತ್ತವು ಮತ್ತೆ ಹುಟ್ಟುವುದಿಲ್ಲವಂತೆ" ಅಂತ, ಅದೇ ತಲೆಯಲ್ಲಿ ಕೊರೆಯುತ್ತಿದೆ.

ಹುಟ್ಟುವುದಿಲ್ಲ ಎನ್ನುವುದು ಬಹುಮಟ್ಟಿಗೆ ನಿಜ. ಸುಳ್ಳು ಹೇಳಿ ಸಮಾಧಾನ ಮಾಡಲಾರೆ. ನೆನಪು ಕಟ್ಟುವ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್ಸಿನಲ್ಲಿ, ದೊಡ್ಡವರಾದ ಮೇಲೂ ಹೊಸ ಕೋಶ ಹುಟ್ಟುತ್ತವೆಯೇ ಎಂಬ ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ. ಆದರೆ ಪರೀಕ್ಷೆಯಲ್ಲಿ ಓದಿದ್ದು ನೆನಪಾಗಲಿಲ್ಲ ಎಂದ ಮಾತ್ರಕ್ಕೆ ಕೋಶ ಸತ್ತಿದೆ ಎಂದು ನಿನಗೆ ಯಾರು ಹೇಳಿದರು? ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಕೋಶದೊಳಕ್ಕೆ ಸೋಡಿಯಂ ನುಗ್ಗಿ, ಪೊಟ್ಯಾಸಿಯಂ ಹೊರಹರಿದು ವಿದ್ಯುತ್ ಸಂಕೇತ ಅದರ ತುದಿ ಮುಟ್ಟುತ್ತದೆ. ಅಲ್ಲಿ ಒಂದು ಕೋಶ ಇನ್ನೊಂದನ್ನು ಸಂಧಿಸುವ ಜಾಗಕ್ಕೆ ಸಿನಾಪ್ಸ್ ಎನ್ನುತ್ತಾರೆ; ಅದರ 20ರಿಂದ 40 ನ್ಯಾನೊಮೀಟರ್ ಸಂದನ್ನು ಸಂಕೇತಕ್ಕೆ ದಾಟಿಸುವುದು ರಾಸಾಯನಿಕ. ಕಲಿತಾಗ ಮುಖ್ಯವಾಗಿ ಬಲಗೊಳ್ಳುವುದು ಈ ಸಿನಾಪ್ಸ್‌ಗಳೇ, ಅದು ಮುದುಕಿಯಾದ ನನ್ನ ತಲೆಯಲ್ಲೂ ನಡೆದೇ ಇದೆ. ಗಾಬರಿಯಾದಾಗ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನು ಒಳಗಿದ್ದ ನೆನಪನ್ನೂ ಹೊರಬಿಡದಂತೆ ಅಡ್ಡ ನಿಲ್ಲುತ್ತದೆ.

ಕೋಶ ಸಾಯುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ ಕಣೇ. ನಿನ್ನ ಅಜ್ಜನಿಗೆ, ಅಂದರೆ ನನ್ನ ಅಪ್ಪನಿಗೆ, ಪಾರ್ಶ್ವವಾಯು ಹೊಡೆದದ್ದು ಎಡ ಮಿದುಳಿನ ಮುಂಭಾಗಕ್ಕೆ, ಮಾತಾಡಿಸುವ ಬ್ರೋಕಾ ಪ್ರದೇಶಕ್ಕೆ. ಬಲಗೈ ಬಿದ್ದುಹೋಯಿತು. ನೀರು ಬೇಕೆನ್ನಲು ತುಟಿ ಒದ್ದಾಡುತ್ತಿತ್ತು, ಸ್ವರ ಬರುತ್ತಿರಲಿಲ್ಲ. ನಾನು "ಒಂದು" ಎಂದರೆ ಮಾತ್ರ "ಎರಡು, ಮೂರು" ಎಂದು ಹತ್ತರವರೆಗೂ ಸರಾಗವಾಗಿ ಹೇಳಿಬಿಡುತ್ತಿದ್ದರು! ರೂಢಿಯಾದ ಮಾತು ಹಾಗೆ ಉಳಿದುಕೊಳ್ಳುವುದುಂಟಂತೆ. ತಿಂಗಳುಗಟ್ಟಲೆ ಆದಮೇಲೆ ಒಂದೊಂದೇ ಪದ ಮರಳಿತು. ಸತ್ತ ಕೋಶಗಳು ಎದ್ದು ಬರಲಿಲ್ಲ, ಉಳಿದವು ಒಂದಿಷ್ಟು ಕೆಲಸ ಹೊತ್ತುಕೊಂಡವು.

ಆ ಪೆಟ್ಟಿನವರಿಗೆ ಆಡಲು ಬಾರದಿದ್ದರೂ ಕೇಳಿದ್ದು ಬಹುಪಾಲು ತಿಳಿಯುತ್ತದೆ. ನೋಡಲು ಬಂದವರು ಹಾಸಿಗೆಯ ಪಕ್ಕದಲ್ಲೇ ನಿಂತು "ಇನ್ನೆಷ್ಟು ದಿನವೋ" ಎನ್ನುತ್ತಿದ್ದರು. ಅವರನ್ನು ಹೊರಗೆ ಕರೆದುಕೊಂಡು ಹೋಗಬೇಕಿತ್ತು. ಅಪ್ಪನ ಕಣ್ಣು ಆಗ ಗೋಡೆಯ ಕಡೆ ತಿರುಗುತ್ತಿತ್ತು. ಇರಲಿ, ನಿನಗೆ ಬರೆಯಬೇಕೆಂದುಕೊಂಡದ್ದು ಇದಲ್ಲ.

ನಿನ್ನ ನರಕೋಶಗಳು ಸತ್ತಿಲ್ಲ ಅಂತಲೇ ನನಗನ್ನಿಸುತ್ತದೆ, ಅವಕ್ಕೆ ನಿದ್ದೆ ಸಿಕ್ಕಿಲ್ಲ ಅಷ್ಟೆ. ಹಗಲು ಓದಿದ್ದು ಗಟ್ಟಿಯಾಗುವುದು ಬಹಳಷ್ಟು ನಿದ್ದೆಯಲ್ಲೇ. ಬೇಗ ಮಲಗು ಅಂದರೆ ಹಿರಿಯರ ಹಳೇ ರಾಗ ಅನ್ನುತ್ತೀಯ, ಅನ್ನು. ಪುಸ್ತಕ ಮುಚ್ಚಿಟ್ಟು ನೆನಪಿನಿಂದ ಬರೆದು ನೋಡುವುದೂ ಒಳ್ಳೆಯದು, ನಿನಗದು ಗೊತ್ತೇ ಇರಬಹುದು. ಚೆನ್ನಾಗಿ ನಿದ್ದೆ ಮಾಡಿದ ಮೇಲೂ ಮರೆವು ಹೋಗದಿದ್ದರೆ ಒಮ್ಮೆ ಡಾಕ್ಟರಿಗೆ ತೋರಿಸಿಬಿಡು. ಬಿ12 ವಿಟಮಿನ್ ಕಡಿಮೆಯಾದರೂ, ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಿದರೂ ಹೀಗಾಗುತ್ತದೆ, ಎರಡಕ್ಕೂ ಔಷಧಿ ಇದೆ. ಮತ್ತೆ ಹೆದರಿಸಿದೆನೇನೋ, ತಪ್ಪು ತಿಳಿಯಬೇಡ.

ಮುಂದಿನ ಪರೀಕ್ಷೆ ಯಾವಾಗ ಎಂದು ನೀನು ಬರೆದೇ ಇಲ್ಲ. ತಿಳಿಸು.

ನಿನ್ನ ದೊಡ್ಡಮ್ಮ