ಚೀನಾದವರಿಗೆ ಇಂಗ್ಲಿಷ್ ಬೇಡವಾಗಿತ್ತು ಎನ್ನಬೇಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಭಾಷೆ ಮತ್ತು ಅಭಿವೃದ್ಧಿಯ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಚೀನಾದವರು ಇಂಗ್ಲಿಷಿನ ಗೊಡವೆಗೇ ಹೋಗದೆ ಮುಂದೆ ಬಂದರು ಎಂದು ಅದರಲ್ಲಿ ಬರೆದಿದ್ದೀರಿ. ಈ ಮಾತನ್ನು ನಾನು ತುಂಬಾ ಜನರ ಬಾಯಲ್ಲಿ ಕೇಳಿದ್ದೇನೆ. ಕೇಳಿದಾಗಲೆಲ್ಲ ನನಗೆ ಒಬ್ಬಳು ಹುಡುಗಿ ನೆನಪಾಗುತ್ತಾಳೆ. ಅವಳ ಸಲುವಾಗಿಯಾದರೂ ಈ ಪತ್ರ ಬರೆಯಲೇಬೇಕು ಅನ್ನಿಸಿತು.

2014ರಿಂದ ಕೆಲವು ವರ್ಷ ನಾನು ಚೀನಾದ ಜಿಯಾಂಗ್ಸು ಪ್ರಾಂತ್ಯದಲ್ಲಿ ಎಂಬಿಬಿಎಸ್ ಓದಿದೆ. ಆ ಹುಡುಗಿ ಅದೇ ಕ್ಯಾಂಪಸ್ಸಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ದೂರದ ಗಾನ್ಸು ಪ್ರಾಂತ್ಯದವಳು. ಲಾನ್‌ಜೋ ನಗರದಿಂದ ಬಸ್ಸಿನಲ್ಲಿ ಹೋಗಬೇಕಾದ, ಹಳದಿ ನದಿಯ ದಂಡೆಯ ಒಂದು ಹಳ್ಳಿ ಅವಳದು. ಲೈಬ್ರರಿಯಲ್ಲಿ ನಮ್ಮಿಬ್ಬರಿಗೂ ಒಂದೇ ಮೇಜು. ನನ್ನನ್ನು ಜಿಯೆಜಿಯೆ ಎನ್ನುತ್ತಿದ್ದಳು, ಅಂದರೆ ಅಕ್ಕ. ಹಾಗಾಗಿ ಈ ಪತ್ರದಲ್ಲಿ ಅವಳನ್ನು ತಂಗಿ ಎಂದೇ ಬರೆಯುತ್ತೇನೆ.

ಅಲ್ಲಿನ ಕಾಲೇಜು ಮಕ್ಕಳೆಲ್ಲ 'ಸಿಜಿ' ಎಂದು ಕರೆಯುವ ಒಂದು ಪರೀಕ್ಷೆ ಇದೆ. ಸಿಜಿ ಅಂದರೆ ನಾಲ್ಕನೇ ಹಂತ. ಕಾಲೇಜ್ ಇಂಗ್ಲಿಷ್ ಟೆಸ್ಟ್ ಎಂಬ ರಾಷ್ಟ್ರೀಯ ಪರೀಕ್ಷೆಯ ಮೊದಲ ಮೆಟ್ಟಿಲು. 1987ರಲ್ಲಿ ಶುರುವಾದದ್ದು. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್‌ನಲ್ಲಿ, ದೇಶಕ್ಕೆಲ್ಲ ಒಂದೇ ದಿನ ನಡೆಯುತ್ತದೆ. ಇಂಗ್ಲಿಷನ್ನೇ ಮುಖ್ಯ ವಿಷಯವಾಗಿ ಓದುವವರಿಗೆ ಬೇರೆ ಪರೀಕ್ಷೆ ಇದೆ. ಇದು ಉಳಿದವರಿಗೆ: ಸೇತುವೆ ಕಟ್ಟುವುದನ್ನು ಕಲಿಯುವವರು, ದನದ ಡಾಕ್ಟರ್ ಆಗುವವರು, ಲೆಕ್ಕ ಬರೆಯುವವರು, ಎಲ್ಲರಿಗೂ. ಒಟ್ಟು 710 ಅಂಕ. 2005ರ ಬದಲಾವಣೆಯ ಮೇಲೆ ಪಾಸು, ಫೇಲು ಎಂದು ಬರೆಯುವುದಿಲ್ಲ, ಅಂಕಪಟ್ಟಿ ಮಾತ್ರ ಕೊಡುತ್ತಾರೆ. ಆದರೆ 425 ಬರದಿದ್ದರೆ ಮುಂದಿನ ಮೆಟ್ಟಿಲಾದ ಆರನೇ ಹಂತಕ್ಕೆ ಕೂರುವಂತಿಲ್ಲ. ಕೆಲಸ ಕೊಡುವವರೂ ಎಷ್ಟೋ ಕಡೆ ಅದನ್ನೇ ಕೇಳುತ್ತಾರೆ. ಇಂಗ್ಲಿಷಿನ ಗೊಡವೆಗೆ ಹೋಗದ ದೇಶದಲ್ಲಿ ಹೀಗಿರುತ್ತದೆಯೇ?

ತಂಗಿಯ ವಿಭಾಗದಲ್ಲಿ ಆಗ ಇನ್ನೂ ಒಂದು ನಿಯಮ ಇತ್ತು. 425 ಇಲ್ಲದವರಿಗೆ ಡಿಗ್ರಿ ಇಲ್ಲ. ಶಿಕ್ಷಣ ಸಚಿವಾಲಯ ಹಾಗೆ ಮಾಡಿ ಎಂದು ಹೇಳಿರಲಿಲ್ಲ. ಎಷ್ಟೋ ಕಾಲೇಜುಗಳು ತಾವೇ ಹಾಕಿಕೊಂಡ ನಿಯಮ ಅದು. ರಕ್ತನಾಳ ಹುಡುಕಿ ಸೂಜಿ ಹಾಕುವುದರಲ್ಲಿ ಅವಳ ಕೈ ಎಷ್ಟು ಹಗುರ ಎಂಬುದನ್ನು ನಾನು ನೋಡಿದ್ದೇನೆ. ಅಂಥವಳು ರಾತ್ರಿ ಹನ್ನೊಂದಕ್ಕೆ ಹಾಸ್ಟೆಲಿನ ದೀಪ ಆರಿದ ಮೇಲೆ ಹಾಸಿಗೆಯಲ್ಲಿ ಬ್ಯಾಟರಿ ಹಿಡಿದು ಇಂಗ್ಲಿಷ್ ಪದ ಉರು ಹೊಡೆಯುತ್ತಿದ್ದಳು.

ಪದಗಳು ಸುಮಾರು ನಾಲ್ಕೂವರೆ ಸಾವಿರ. ಅಂಗಡಿಯಲ್ಲಿ ಸಿಗುವ ಪದಪುಸ್ತಕ ಅಕಾರಾದಿಯಲ್ಲಿದ್ದರೆ ಮೊದಲ ಪುಟಕ್ಕೇ ಬರುವ ಪದ 'ಅಬ್ಯಾಂಡನ್'. ಕೈಬಿಡು ಎಂದು ಅರ್ಥ. ಚೀನಾದಲ್ಲಿ ಈ ಪದ ಗೊತ್ತಿಲ್ಲದ ಕಾಲೇಜು ಹುಡುಗರು ಸಿಗುವುದು ಕಷ್ಟ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ, ಎಷ್ಟೋ ಜನ ಅಲ್ಲೇ ನಿಲ್ಲಿಸುತ್ತಾರೆ. ತಂಗಿಯ ಪುಸ್ತಕದಲ್ಲೂ 'ಎ' ಮತ್ತು 'ಬಿ' ಅಕ್ಷರದ ಪುಟಗಳಷ್ಟೇ ಅಂಚು ಮಾಸಿ ಕಪ್ಪಾಗಿದ್ದವು. ಕೊನೆಗೆ ಪದಗಳನ್ನು ಕಲಸಿ ಹಾಕಿದ ಇನ್ನೊಂದು ಆವೃತ್ತಿ ಕೊಂಡಳು. ಅದನ್ನು ಪೂರ್ತಿ ಮುಗಿಸಿದಳು. ನನಗೇ ಗೊತ್ತಿಲ್ಲದ ಪದಗಳನ್ನು ನನಗೆ ಕೇಳುತ್ತಿದ್ದಳು.

ಅವಳಿಗೆ ಕಷ್ಟವಾದದ್ದು ಪದ ಅಲ್ಲ, ಕಿವಿ. ಕೇಳಿ ಉತ್ತರಿಸುವ ಭಾಗಕ್ಕೆ ನೂರಕ್ಕೆ 35 ಅಂಕ. ಓದಿ ಉತ್ತರಿಸುವುದಕ್ಕೂ ಅಷ್ಟೇ. ಪ್ರಬಂಧ ಮತ್ತು ಅನುವಾದಕ್ಕೆ 15, 15. 2016ರ ಜೂನ್‌ನಲ್ಲಿ ಕೇಳುವ ಭಾಗವನ್ನು ಬದಲಿಸಿ ರೇಡಿಯೊ ವಾರ್ತೆಯ ತುಣುಕುಗಳನ್ನು ಸೇರಿಸಿದರು. ತಂಗಿ ಮೊದಲ ಸಲ ಕೂತದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಹೊಸ ಮಾದರಿಯ ಹಳೆ ಪ್ರಶ್ನೆಪತ್ರಿಕೆ ಎಂದು ಇದ್ದದ್ದು ಒಂದೇ ಸಲದ್ದು. ವಾರ್ತೆಯಲ್ಲಿ ಊರಿನ ಹೆಸರು, ಸಂಖ್ಯೆ ಎಲ್ಲ ಸರಸರ ಬಂದು ಹೋಗಿಬಿಡುತ್ತವೆ.

ಆ ಡಿಸೆಂಬರಿನ ಬೆಳಿಗ್ಗೆ ನಾನು ಅವಳ ಜೊತೆ ಪರೀಕ್ಷೆಯ ಕಟ್ಟಡದ ಬಾಗಿಲವರೆಗೆ ಹೋಗಿದ್ದೆ. ಚೀನಾದಲ್ಲಿ ಚಳಿಗಾಲದ ಸಾರ್ವಜನಿಕ ಹೀಟಿಂಗ್ ಉತ್ತರದ ಊರುಗಳಿಗೆ ಮಾತ್ರ. ನಾವಿದ್ದ ಕಡೆ ಇರಲಿಲ್ಲ. ಉತ್ತರದ ಗಾನ್ಸುವಿನ ಹುಡುಗಿಗೆ ನಾವಿದ್ದ ಊರಿನ ಕ್ಲಾಸ್‌ರೂಮೇ ಜಾಸ್ತಿ ಚಳಿ. ಕುತ್ತಿಗೆಗೆ ಎಫ್‌ಎಂ ಹೆಡ್‌ಫೋನ್ ಹಾಕಿಕೊಂಡಿದ್ದಳು. ಆಡಿಯೊವನ್ನು ಕ್ಯಾಂಪಸ್ಸಿನ ರೇಡಿಯೊದಲ್ಲೇ ಬಿಡುತ್ತಾರೆ, ಪ್ರತಿಯೊಬ್ಬರೂ ಹೆಡ್‌ಫೋನ್ ತಂದುಕೊಳ್ಳಬೇಕು. ಜೇಬಿನಲ್ಲಿ ಎರಡು ಹೊಸ ಬ್ಯಾಟರಿ ಸೆಲ್, ಎರಡು 2ಬಿ ಪೆನ್ಸಿಲ್.

ಎಡವಿದ್ದು ಬೇರೆ ಕಡೆ. ಕೇಳುವ ಭಾಗ ಮುಗಿದ ತಕ್ಷಣ ಮೊದಲನೇ ಉತ್ತರ ಹಾಳೆಯನ್ನು ಕಸಿದುಕೊಂಡ ಹಾಗೆ ಎತ್ತಿಕೊಳ್ಳುತ್ತಾರೆ. ಆಮೇಲೆ ಗುರುತು ಹಾಕೋಣ ಎಂದರೆ ಇಲ್ಲ. ತಂಗಿ ಕೊನೆಯ ನಾಲ್ಕು ಉತ್ತರಗಳನ್ನು ಪ್ರಶ್ನೆಪತ್ರಿಕೆಯ ಮೇಲೆಯೇ ಗುರುತು ಮಾಡಿದ್ದಳು. ಹಾಳೆಗೆ ಇಳಿಸುವಷ್ಟರಲ್ಲಿ ಹಾಳೆಯೇ ಇರಲಿಲ್ಲ. ಆ ಕೊನೆಯ ಪ್ರಶ್ನೆಗಳಿಗೇ ವಾರ್ತೆಯ ಪ್ರಶ್ನೆಗಳ ಎರಡರಷ್ಟು ತೂಕ. ಫೆಬ್ರವರಿ ಕೊನೆಗೆ ಅಂಕ ಬಂತು: ಕೇಳುವುದು 104, ಓದುವುದು 178, ಬರೆಯುವುದು 130. ಒಟ್ಟು 412. ಹದಿಮೂರು ಕಡಿಮೆ. ಅವಳು ಅಳಲಿಲ್ಲ. ಮಧ್ಯಾಹ್ನ ಊಟ ಮಾಡಲಿಲ್ಲ, ಅಷ್ಟೇ.

ಅವತ್ತಿನಿಂದ ಅವಳ ಜೊತೆ ಅಭ್ಯಾಸಕ್ಕೆ ನಾನೂ ಕೂತೆ. ಮೊದಮೊದಲು ನಾನು ಓದಿ ಹೇಳುವುದು, ಅವಳು ಕೇಳುವುದು. ಒಂದು ವಾರದಲ್ಲೇ ಅದು ಪ್ರಯೋಜನವಿಲ್ಲ ಎಂದು ಗೊತ್ತಾಯಿತು. ನನ್ನ ಇಂಗ್ಲಿಷ್ ಅವಳಿಗೆ ಅರ್ಥವಾಗುತ್ತಿತ್ತು, ಪರೀಕ್ಷೆಯ ಟೇಪಿನದು ಆಗುತ್ತಿರಲಿಲ್ಲ. ಆಮೇಲೆ ಬೇರೆ ದಾರಿ ಹಿಡಿದೆವು. ಟೇಪಿನ ಒಂದೇ ಒಂದು ನಿಮಿಷ. ಅದನ್ನು ಅಕ್ಷರ ಬಿಡದೆ ಬರೆದುಕೊಳ್ಳುವುದು. ಇಪ್ಪತ್ತು ಸಲವಾದರೂ ಸರಿ, ಮೂವತ್ತು ಸಲವಾದರೂ ಸರಿ.

ಒಂದು ಸಂಜೆ ಅವಳು ಕಾಗದದ ಮೇಲೆ 'ಅಟಾಲ್' ಎಂದು ಬರೆದು ಈ ಪದ ಯಾವ ಪುಸ್ತಕದಲ್ಲೂ ಇಲ್ಲವಲ್ಲ ಅಕ್ಕ ಎಂದಳು. ನಾನು ಟೇಪ್ ಕೇಳಿದೆ. ಅದು 'ಅಟ್ ಆಲ್'. ಎರಡೂ ಅವಳಿಗೆ ಶಾಲೆಯಿಂದಲೇ ಗೊತ್ತಿದ್ದ ಪದ. ಕೂಡಿಕೊಂಡಾಗ ಗುರುತು ಸಿಗಲಿಲ್ಲ. ನನಗೆ ಥಟ್ಟನೆ ಹೊಳೆದದ್ದು ನಮ್ಮ ಸಂಧಿ. ಊರು, ಊರು ಕೂಡಿ ಊರೂರು ಆಗುವುದು ನಮಗೆ ಚಿಕ್ಕಂದಿನಿಂದ ರೂಢಿ, ಅಲ್ವಾ? ಅವಳಾಡುವ ಮ್ಯಾಂಡರಿನ್ ಚೀನೀ ಭಾಷೆಯ ಕಥೆ ಬೇರೆ. ಅಲ್ಲಿ ಒಂದೊಂದು ಅಕ್ಷರವೂ ಒಂದೊಂದು ಇಟ್ಟಿಗೆ. ಪಕ್ಕದಲ್ಲಿ ಇಡುತ್ತಾರೆ, ಬೆಸೆಯುವುದಿಲ್ಲ. ಆ ಅಕ್ಷರ ಮುಗಿಯುವುದು ಸ್ವರದಲ್ಲಿ, ಇಲ್ಲವೇ 'ನ್' ಅಥವಾ 'ಙ್' ಎಂಬಲ್ಲಿ. ಬೀಜಿಂಗ್ ಕಡೆಯ ಮಾತಿನಲ್ಲಿ 'ರ್' ಕೂಡ ಉಂಟು. 'ಟ್', 'ಪ್', 'ಡ್' ಎಂದು ಮುಗಿಯುವ ಮಾತೇ ಇಲ್ಲ. ಹಾಗಾಗಿ 'ಕ್ಯಾಟ್' ಮತ್ತು 'ಕ್ಯಾಪ್' ಅವರ ಕಿವಿಗೆ ಹೆಚ್ಚೂ ಕಡಿಮೆ ಒಂದೇ. ಕ್ರಿಯಾಪದಕ್ಕೆ ಕಾಲದ ಬಾಲವೂ ಇಲ್ಲ. ನಿನ್ನೆ ಹೋಗು, ಇವತ್ತು ಹೋಗು, ನಾಳೆ ಹೋಗು ಎಂಬ ಹಾಗೆ, ಪದ ಬದಲಾಗುವುದೇ ಇಲ್ಲ. 'ಪಾಸ್ಡ್' ಎಂಬುದರ ಕೊನೆಯ ಆ ಪುಟ್ಟ ಸದ್ದು ಅವಳಿಗೆ ಕೇಳಿಸುತ್ತಲೂ ಇರಲಿಲ್ಲ, ಬಾಯಿಂದ ಬರುತ್ತಲೂ ಇರಲಿಲ್ಲ. ಇದು ದಡ್ಡತನ ಅಲ್ಲ. ಹುಟ್ಟಿದಾಗಿನಿಂದ ಕಿವಿಗೆ ಬೀಳದ ಸದ್ದು ಅದು.

ಅವಳಿಗೆ ನಾನು ಸಂಧಿಯ ಪಾಠ ಹೇಳಿದೆ. ಎರಡು ಪದ ಎಲ್ಲಿ ಕೂಡುತ್ತವೋ ಅಲ್ಲಿ ಕೆಂಪು ಪೆನ್ನಿನಲ್ಲಿ ಒಂದು ಚಿಕ್ಕ ಕಮಾನು ಹಾಕುವುದು. ಏಪ್ರಿಲ್ ಹೊತ್ತಿಗೆ ಅವಳ ನೋಟ್‌ಬುಕ್ಕಿನ ಪುಟಪುಟವೂ ಕೆಂಪು ಕಮಾನು. ಬೆಳಿಗ್ಗೆ ಆರೂವರೆಗೆ ಕೆರೆ ಪಕ್ಕದ ಮರದ ಕೆಳಗೆ ನಿಂತು ಗಟ್ಟಿಯಾಗಿ ಓದುತ್ತಿದ್ದಳು. ಒಬ್ಬಳೇ ಅಲ್ಲ, ಪ್ರತಿ ಮರದ ಕೆಳಗೂ ಯಾರಾದರೂ ಇರುತ್ತಿದ್ದರು. ಅದನ್ನು ನೋಡಿದವರು ನಿಮ್ಮ ಲೇಖನದ ಆ ಸಾಲನ್ನು ಬರೆಯಲಾರರು.

ಒಂದು ತಕರಾರು ನನಗೂ ಇದೆ. ಇಷ್ಟೆಲ್ಲ ಮಾಡಿದರೂ ಲಿಖಿತ ಪರೀಕ್ಷೆಯಲ್ಲಿ ಬಾಯಿ ತೆರೆಯುವ ಕೆಲಸವೇ ಇಲ್ಲ. ಮಾತಿನ ಪರೀಕ್ಷೆ ಬೇರೆಯೇ ಇದೆ, ಬೇಕಾದವರು ತೆಗೆದುಕೊಳ್ಳಬಹುದು. 425ಕ್ಕೆ ಅದು ಲೆಕ್ಕಕ್ಕಿಲ್ಲ. 'ಯಾಬಾ ಇಂಗ್ಯು', ಮೂಕ ಇಂಗ್ಲಿಷ್, ಎಂದು ಚೀನಾದವರೇ ಇದನ್ನು ಕರೆಯುತ್ತಾರೆ. ಚೀನಾಕ್ಕೆ ಹೋಗಿ ಬಂದವರು ದಾರಿ ಕೇಳಿದರೆ ಯಾರಿಗೂ ಇಂಗ್ಲಿಷ್ ಬರಲಿಲ್ಲ ಎನ್ನುತ್ತಾರಲ್ಲ, ಸುಮ್ನೆ ಒಂದು ಚೀಟಿಯಲ್ಲಿ ಬರೆದು ಕೊಟ್ಟು ನೋಡಿ. ಓದಿ ಉತ್ತರ ಬರೆದುಕೊಡುವ ಹುಡುಗರು ಬೇಕಾದಷ್ಟು ಸಿಗುತ್ತಾರೆ. ಕೇಳುವುದಕ್ಕೆ 35 ಇಟ್ಟವರು ಮಾತಿಗೆ ಹತ್ತಾದರೂ ಇಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ರೋಗಿಯ ಹತ್ತಿರ ಎಲ್ಲಿ ನೋಯುತ್ತಿದೆ ಎಂದು ಕೇಳಬೇಕಾದ ನರ್ಸ್‌ಗೆ ಬೇಕಾದದ್ದು ಅದೇ ತಾನೇ?

ಡಿಗ್ರಿಗೆ ಗಂಟು ಹಾಕುವ ನಿಯಮವನ್ನು ಒಂದೊಂದೇ ಕಾಲೇಜು ಬಿಡುತ್ತಾ ಬಂದಿದೆ. 2023ರ ಸೆಪ್ಟೆಂಬರ್‌ನಲ್ಲಿ ಶಿಯಾನ್ ಜಿಯಾವೊತೊಂಗ್ ವಿಶ್ವವಿದ್ಯಾಲಯ ಆ ಗಂಟನ್ನು ಬಿಚ್ಚಿದಾಗ ಚೀನಾದಲ್ಲಿ ದೊಡ್ಡ ಚರ್ಚೆಯೇ ಆಯಿತು. ನನಗಂತೂ ಅದು ಒಳ್ಳೆಯ ಸುದ್ದಿ. ಪರೀಕ್ಷೆ ಇರಲಿ, ಆದರೆ ನಾಲ್ಕು ವರ್ಷದ ಓದನ್ನು ಒಂದು ಉತ್ತರ ಹಾಳೆಗೆ ಕಟ್ಟಿಹಾಕುವುದು ಬೇಡ.

ತಂಗಿಯ ಕಾಲಕ್ಕೆ ಆ ಗಂಟು ಹಾಗೇ ಇತ್ತು. 2017ರ ಜೂನ್‌ನಲ್ಲಿ ಮತ್ತೆ ಕೂತಳು. ಪಕ್ಕಪಕ್ಕದವರಿಗೆ ಬೇರೆ ಬೇರೆ ಪ್ರಶ್ನೆಪತ್ರಿಕೆ ಕೊಡುತ್ತಾರೆ. ಆ ಸಲದ ಅನುವಾದ ಮೂರು ನದಿಗಳ ಮೇಲೆ: ಕೆಲವರಿಗೆ ಯಾಂಗ್ಸಿ, ಕೆಲವರಿಗೆ ಪರ್ಲ್ ನದಿ, ಇನ್ನು ಕೆಲವರಿಗೆ ಹಳದಿ ನದಿ. ಅವಳ ಕೈಗೆ ಬಂದದ್ದು ಹಳದಿ ನದಿ. ಏಷ್ಯಾದಲ್ಲಿ ಮೂರನೆಯ, ಪ್ರಪಂಚದಲ್ಲಿ ಆರನೆಯ ಉದ್ದದ ನದಿ, ಚಿಂಗ್‌ಹಾಯ್‌ನಲ್ಲಿ ಹುಟ್ಟಿ ಒಂಬತ್ತು ಪ್ರಾಂತ್ಯ ದಾಟಿ ಬೊಹಾಯ್ ಸಮುದ್ರ ಸೇರುತ್ತದೆ ಎಂದೆಲ್ಲ ಇತ್ತಂತೆ. ನೀರು ಕದಡಿದ ಬಣ್ಣದ್ದು ಎಂಬಲ್ಲಿ ಅವಳಿಗೆ ಪದ ಸಿಗಲಿಲ್ಲ. ನಾಲ್ಕೂವರೆ ಸಾವಿರ ಪದ ತಿರುವಿ ಹಾಕಿದರೂ 'ಮಡ್ಡಿ' ನೆನಪಿಗೆ ಬರಲಿಲ್ಲ. ಕಣ್ಣು ಮುಚ್ಚಿ ಮನೆಯ ಹಿಂದಿನ ನದಿಯನ್ನು ನೆನೆಸಿಕೊಂಡೆ ಅಕ್ಕ ಎಂದಳು. ಆ ನೀರಿನ ತುಂಬಾ ಮಣ್ಣಿದೆ, ಅದಕ್ಕೇ ಅದು ಹಳದಿ ಎಂದು ಗೊತ್ತಿದ್ದ ಸಣ್ಣ ಪದಗಳಲ್ಲೇ ಬರೆದು ಬಂದಳಂತೆ. ಅದಕ್ಕೆ ಅಂಕ ಕಳೆದಿರುತ್ತಾರಾ ಎಂದು ಎರಡು ತಿಂಗಳು ನನ್ನನ್ನು ಕೇಳುತ್ತಲೇ ಇದ್ದಳು.

ಆಗಸ್ಟ್‌ನಲ್ಲಿ ಅಂಕ ಬಂತು. ಕೇಳುವುದು 139, ಓದುವುದು 180, ಬರೆಯುವುದು 141. ಒಟ್ಟು 460. ಅವಳು ರಜೆಗೆ ಊರಿಗೆ ಹೋಗಿದ್ದಳು. ವೀಚಾಟ್‌ನಲ್ಲಿ ಅಲ್ಲಿಯವರೆಗೂ ನನಗೆ ಇಂಗ್ಲಿಷಿನಲ್ಲಿ ಬರೆದು ಕಳಿಸುತ್ತಿದ್ದಳೇ ಹೊರತು ಮಾತಾಡಿ ಕಳಿಸಿದವಳಲ್ಲ, ನಾಚಿಕೆ. ಅವತ್ತು ಮೊದಲ ಸಲ ಧ್ವನಿ ಸಂದೇಶ ಬಂತು. ನಾಲ್ಕೇ ಸೆಕೆಂಡು. ಹಿಂದೆ ಯಾರೋ ಜೋರಾಗಿ ಮಾತಾಡುತ್ತಿದ್ದರು, ಕೋಳಿ ಕೂಗುತ್ತಿತ್ತು. ಜಿಯೆಜಿಯೆ, ಐ ಪಾಸ್ಟಿಟ್ ಎಂದಳು. 'ಪಾಸ್ಡ್' ಮತ್ತು 'ಇಟ್' ನಡುವೆ ಕಮಾನು ಇತ್ತು.

ಇತಿ,
ಚೀನಾದಲ್ಲಿ ಓದಿ ಬಂದ ಒಬ್ಬ ವೈದ್ಯೆ