ಗೆಳೆಯನಿಗೊಂದು ಪತ್ರ: ಹೂ ಉದುರಿದ ಮೇಲಿನ ಮೀನು

ಪ್ರೀತಿಯ ಗೆಳೆಯಾ,

ಅಮೆರಿಕದಲ್ಲೂ ಹತ್ತುಮೀನು ಇದೆಯಾ ಅಂತ ಹೋದ ವಾರ ಫೋನಿನಲ್ಲಿ ಕೇಳಿದ್ದೆಯಲ್ಲ. ನಮ್ಮೂರಿನ ಹಾಗೆ ಮಳೆಗಾಲದಲ್ಲಿ ಮೊಟ್ಟೆ ಇಡಲು ಹೊಳೆಯಿಂದ ಗದ್ದೆಗೆ ಹತ್ತಿ ಬರುವುದಿಲ್ಲ ಮಾರಾಯ. ಆದರೆ ಮೊಟ್ಟೆ ಇಡಲು ದಡಕ್ಕೆ ಬರುವ ಮೀನೊಂದಿದೆ, ಕ್ರಾಪಿ ಅಂತ. ಅಂಗೈಗಿಂತ ದೊಡ್ಡದು, ಚಪ್ಪಟೆ, ಬೆಳ್ಳಿ ಮೈ ಮೇಲೆ ಕಪ್ಪು ಚುಕ್ಕೆ.

ನಾನು ಹೋಗುವುದು ಕೆಂಟಕಿ ಲೇಕ್‌ಗೆ. ಟೆನೆಸಿ ನದಿಗೆ 1944ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನ ಹಿನ್ನೀರು ಅದು. ಏಪ್ರಿಲ್ ತಿಂಗಳಲ್ಲಿ ಅಲ್ಲಿ ನೀರನ್ನು ಐದು ಅಡಿ ಏರಿಸುತ್ತಾರೆ. ದಡದ ಪೊದೆಗಳ ಬುಡ ಮುಳುಗುತ್ತದೆ. ಡಾಗ್‌ವುಡ್ ಮರ ಬಿಳಿ ಹೂ ಬಿಡುವುದೂ ಆಗಲೇ. ನೀರು 16ರಿಂದ 20 ಡಿಗ್ರಿಗೆ ಬೆಚ್ಚಗಾದರೆ ಸಾಕು, ಮೊದಲು ಗಂಡು ಬರುತ್ತದೆ. ಬಾಲದಿಂದ ಗುಡಿಸಿ ಗುಂಡಿ ಮಾಡುತ್ತದೆ. ಹೆಣ್ಣು ಮೊಟ್ಟೆ ಇಟ್ಟು ಹೊರಟುಬಿಡುತ್ತದೆ. ಮರಿ ಈಜಿ ಹೋಗುವ ತನಕ ಕಾಯುವುದು ಗಂಡೇ. ಆಗ ಅದರ ಮುಖ, ಎದೆ ಎಲ್ಲ ಇದ್ದಿಲಿನ ಹಾಗೆ ಕಪ್ಪು. ಹತ್ತಿರ ಏನು ಬಂದರೂ ಮೇಲೆ ಬೀಳುತ್ತದೆ, ಹಾಗಾಗಿ ಸುಲಭವಾಗಿ ಸಿಗುತ್ತದೆ. ಈ ಸಲ ಸಿಕ್ಕ ಮೊದಲನೆಯದೇ ಅಂಥದ್ದು. ಬಿಟ್ಟುಬಿಟ್ಟೆ. ಮೃಗಶಿರ ಮಳೆಯಲ್ಲಿ ನಾವಿಬ್ಬರೂ ಮೊಟ್ಟೆ ತುಂಬಿದ ಮೀನನ್ನೇ ಆರಿಸಿ ಬುಟ್ಟಿಗೆ ಹಾಕುತ್ತಿದ್ದೆವು, ನೆನಪಿದೆಯಾ? ಈಗ ನನಗೆ ಕೈ ಬರುವುದಿಲ್ಲ.

ಹೂ ಉದುರಿದರೆ ಮೀನು ಮುಗಿಯಿತು ಅಂತ ಇಲ್ಲಿ ಸುಮಾರು ಜನ ಗಾಳ ಎತ್ತಿಡುತ್ತಾರೆ. ನನಗೆ ಆಮೇಲಿನ ದಿನಗಳೇ ಜಾಸ್ತಿ ಇಷ್ಟ. ಮೀನು ದೂರ ಹೋಗಿರುವುದಿಲ್ಲ. ದಣಿದ ಹೆಣ್ಣುಗಳು ಹಿನ್ನೀರಿನಲ್ಲಿ ಮುಳುಗಿದ ಹಳೇ ಹಳ್ಳದ ಅಂಚಿನಲ್ಲಿ, ಹತ್ತು ಹದಿನೈದು ಅಡಿ ಆಳದಲ್ಲಿ, ಮುಳುಗಿದ ಕೊಂಬೆಗಳ ಮಧ್ಯೆ ಅಲ್ಲಾಡದೆ ನಿಂತಿರುತ್ತವೆ. ಕಣ್ಣು ತಲೆಯ ಮೇಲ್ಭಾಗದಲ್ಲಿ ಇರುವುದರಿಂದ ಅವು ನೋಡುವುದು ಮೇಲಕ್ಕೇ. ಗಾಳ ಅವುಗಳಿಗಿಂತ ಕೆಳಗಿಳಿದರೆ ಇಡೀ ದಿನ ಸುಮ್ನೆ ಕೂತಿರಬೇಕು. ಒಂದಡಿ ಮೇಲೆ ನಿಲ್ಲಬೇಕು. ಅದಕ್ಕೇ ದಾರಕ್ಕೆ ಗಂಟು ಹಾಕಿ ಆಳ ಅಳೆದಿಟ್ಟುಕೊಳ್ಳುತ್ತೇನೆ. ತುಟಿಗೆ ಚುಚ್ಚಿದ ಜೀವಂತ ಮರಿಮೀನು ಬಿಟ್ಟು ಕಾಯುತ್ತೇನೆ.

ಮೊನ್ನೆ ಒಂದು ಗಂಟೆ ಏನೂ ಇಲ್ಲ. ಆಮೇಲೆ ನೆಟ್ಟಗೆ ನಿಂತಿದ್ದ ಬೆಂಡು ಮುಳುಗಲಿಲ್ಲ, ಮೆಲ್ಲಗೆ ಅಡ್ಡ ಮಲಗಿತು! ಕೆಳಗಿನಿಂದ ಬಂದ ಮೀನು ಗಾಳವನ್ನು ಬಾಯಲ್ಲಿ ಮೇಲಕ್ಕೆ ಎತ್ತಿತ್ತು. ಆಗ ನಮ್ಮೂರಲ್ಲಿ ಎಳೆದ ಹಾಗೆ ಜೋರಾಗಿ ಎಳೆಯುವ ಹಾಗಿಲ್ಲ. ಇದರ ಬಾಯಿ ಕಾಗದದಷ್ಟು ತೆಳು. ಬಿಸಿಲಿಗೆ ಹಿಡಿದರೆ ದವಡೆಯ ಪಕ್ಕದ ಚರ್ಮದಲ್ಲಿ ಆಚೆಗಿರುವ ನನ್ನ ಬೆರಳಿನ ನೆರಳು ಕಾಣುತ್ತದೆ. ಕೋಲನ್ನು ಸ್ವಲ್ಪ ಎತ್ತಿ, ಬಿಗಿ ಬಿಡದೆ ತಂದೆ. ಹೊಟ್ಟೆ ಒಳಗೆ ಹೋಗಿತ್ತು, ಮೊಟ್ಟೆ ಇಟ್ಟು ಮುಗಿಸಿದ ಹೆಣ್ಣು. ಮಧ್ಯಾಹ್ನದೊಳಗೆ ಇನ್ನೂ ಆರು ಬಂದವು.

ಇಲ್ಲಿಯವರು ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿಯುತ್ತಾರೆ. ಅದೂ ಚೆನ್ನಾಗಿರುತ್ತದೆ. ಆದರೆ ನನಗೆ ವಾಟೆಹುಳಿ ಹಾಕಿದ ಸಾರೇ ಆಗಬೇಕು. ಮುಂದಿನ ವರ್ಷ ಬರುತ್ತೇನೆ ಅಂದಿದ್ದೀಯಲ್ಲ, ಏಪ್ರಿಲ್ ಬೇಡ, ಮೇ ಕೊನೆಗೆ ಟಿಕೆಟ್ ಮಾಡಿಸು. ದೋಣಿಯಲ್ಲಿ ಇಬ್ಬರಿಗೆ ಜಾಗ ಇದೆ.

ನಿನ್ನ ಗೆಳೆಯ