ಥೀಸಿಸ್ ಮುಗಿಯಿತು, ಥ್ಯಾಂಕ್ಸ್ ಹೇಳುವುದು ಬಾಕಿ ಇದೆ

ವೈವಾ ಮುಗಿಯಿತು, ಪಿಎಚ್‌ಡಿ ಕೈಗೆ ಬಂತು. ಹಾರೈಸಿದ ಎಲ್ಲರಿಗೂ ಥ್ಯಾಂಕ್ಸ್. ನನ್ನ ಮುಂಗೋಪ ಸಹಿಸಿದ ಮನೆಯವರಿಗೆ ಸ್ವಲ್ಪ ಜಾಸ್ತಿ.

ಆದರೆ ದೊಡ್ಡ ಋಣ ಇರುವುದು ನಾನು ಮುಖವನ್ನೂ ನೋಡದ ಜನರದ್ದು. ಜಿಯೋಟೇಲ್ ನೌಕೆಯನ್ನು ಕಟ್ಟಿದವರು, ನಡೆಸಿದವರು. ಸೌರಮಾರುತ, ಅಂದರೆ ಸೂರ್ಯನಿಂದ ಸದಾ ಹೊಮ್ಮುವ ಕಣಗಳ ಗಾಳಿ, ಭೂಮಿಯ ಕಾಂತಕ್ಷೇತ್ರವನ್ನು ಹಿಂದಕ್ಕೆ ಎಳೆದು, ಚಂದ್ರನನ್ನೂ ದಾಟುವಷ್ಟು ಉದ್ದದ ಬಾಲ ಮಾಡುತ್ತದೆ. ಅದನ್ನು ಅಳೆಯಲೆಂದೇ 1992ರ ಜುಲೈನಲ್ಲಿ ಜಪಾನ್ ಮತ್ತು ನಾಸಾ ಸೇರಿ ಈ ನೌಕೆ ಹಾರಿಸಿದವು. ಶುರುವಿನ ವರ್ಷಗಳಲ್ಲಿ ಅದು ಚಂದ್ರನ ಸೆಳೆತವನ್ನೇ ಬಳಸಿಕೊಂಡು, ಭೂಮಿಯ ತ್ರಿಜ್ಯದ ಸುಮಾರು 200 ಪಟ್ಟು ದೂರ, ಅಂದರೆ 13 ಲಕ್ಷ ಕಿಲೋಮೀಟರ್ ಹತ್ತಿರ ಹೋಗಿ ಬಂತು. ನನ್ನ ಥೀಸಿಸ್ ನಿಂತಿರುವುದು ಆ ಡೇಟಾ ಮೇಲೆ. ಆಗ ನನಗೆ ಅಕ್ಷರವೂ ಬರುತ್ತಿರಲಿಲ್ಲ!

ಬಾಲದಲ್ಲಿ ಲೋಬ್ ಅನ್ನುವ ಭಾಗ ಹೆಚ್ಚು ಕಡಿಮೆ ಖಾಲಿ. ಒಂದು ಘನ ಸೆಂಟಿಮೀಟರಿಗೆ ಸಾಮಾನ್ಯವಾಗಿ ಒಂದು ಅಯಾನೂ (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣು) ಸಿಗುವುದಿಲ್ಲ. ಅಂಥ ಕಡೆ ನೌಕೆ ಅಳೆದ ಅಯಾನುಗಳ ಶಕ್ತಿಯ ಗ್ರಾಫಿನಲ್ಲಿ ಒಮ್ಮೊಮ್ಮೆ ಎರಡು ತೆಳು ಪಟ್ಟಿಗಳು ಜೊತೆಯಾಗಿ ಓಡುತ್ತವೆ. ಕೆಳಗಿನದು ಪ್ರೋಟಾನ್. ಮೇಲಿನದರ ಶಕ್ತಿ ಅದರ 16 ಪಟ್ಟು. ವೇಗ ಒಂದೇ, ತೂಕ 16 ಪಟ್ಟು, ಅಂದಮೇಲೆ ಅದು ಒಂದೇ ಎಲೆಕ್ಟ್ರಾನ್ ಕಳೆದುಕೊಂಡ ಆಕ್ಸಿಜನ್. ಸೂರ್ಯನಿಂದ ಬರುವ ಆಕ್ಸಿಜನ್ ಸಾಮಾನ್ಯವಾಗಿ ಆರೇಳು ಎಲೆಕ್ಟ್ರಾನ್ ಕಳೆದುಕೊಂಡಿರುತ್ತದೆ, ಗ್ರಾಫ್ ಶಕ್ತಿಯನ್ನು ಚಾರ್ಜ್‌ನಿಂದ ಭಾಗಿಸಿ ತೋರಿಸುವುದರಿಂದ ಅದು ಅಷ್ಟು ಮೇಲೆ ಕಾಣುವುದಿಲ್ಲ. ಹಾಗಾಗಿ ಇದು ನಮ್ಮ ವಾತಾವರಣದಿಂದಲೇ ಸೋರಿ ಹೋದದ್ದು. ಅಷ್ಟು ದೂರದಲ್ಲಿ ನಮ್ಮದೇ ಗಾಳಿ, ವಿಚಿತ್ರ ಅಲ್ವಾ? ಆ ಪಟ್ಟಿಗಳನ್ನು ಓದುವುದು ಹೇಗೆಂದು ಪಕ್ಕದಲ್ಲಿ ಕೂತು ಹೇಳಿಕೊಟ್ಟ ಸೀನಿಯರ್‌ಗೆ, ಕಂಪ್ಯೂಟರ್ ಪ್ರೋಗ್ರಾಂ ಹೆಕ್ಕಿದ ಪ್ರತಿಯೊಂದು ಘಟನೆಯನ್ನೂ ಕಣ್ಣಾರೆ ನೋಡಿಸಿದ ಗೈಡ್‌ಗೆ ಥ್ಯಾಂಕ್ಸ್. ಆಗ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ನಾಲ್ಕು ವರ್ಷಕ್ಕೆಂದು ಹೋದ ನೌಕೆ ಮೂವತ್ತು ವರ್ಷ ದುಡಿಯಿತು. 2012ರಲ್ಲಿ ಡೇಟಾ ತುಂಬಿಡುವ ಎರಡು ರೆಕಾರ್ಡರ್‌ಗಳಲ್ಲಿ ಒಂದು ಕೆಟ್ಟಿತು. ಉಳಿದ ಒಂದರಲ್ಲೇ ಇನ್ನೂ ಹತ್ತು ವರ್ಷ ನಡೆಸಿದರು. 2022ರಲ್ಲಿ ಅದೂ ನಿಂತಮೇಲೆ ನವೆಂಬರ್‌ನಲ್ಲಿ ಕೆಲಸ ಮುಗಿಸಿದರು. ಡೇಟಾ ಮಾತ್ರ ಇವತ್ತಿಗೂ ಬಿಟ್ಟಿ ಸಿಗುತ್ತದೆ, ಯಾರ ಶಿಫಾರಸೂ ಬೇಕಿಲ್ಲ. ನಾನು ಗುರುತಿಸಿದ ಆಕ್ಸಿಜನ್ ಘಟನೆಗಳ ಪಟ್ಟಿಯನ್ನೂ ಹಾಗೇ ಬಿಟ್ಟಿ ಕೊಡುತ್ತೇನೆ. ಬೇಕಾದವರು ಕೇಳಿ.